ಗೋಮಾಳದ ಮೇಲೆ ಬ್ಯಾಟರಿ ಚಕ್ರ: ಆವನಿ ಸೀಮೆಯ ನೆಲ ಮತ್ತು ವಾಹನದ ಕಾನೂನು

ಡರ್ಟ್ ಬೈಕ್ ಎಂದರೆ ಡಾಂಬರು ರಸ್ತೆಗಲ್ಲದೆ ಮಣ್ಣು, ಮರಳು, ಕಲ್ಲಿನ ಇಳಿಜಾರುಗಳಿಗೆಂದೇ ರೂಪಿಸಿದ ಹಗುರ ಮೋಟರ್ ಸೈಕಲ್ಲು. ನೆಲವನ್ನು ಕಚ್ಚಿ ಹಿಡಿಯುವ ಉಬ್ಬುಗಳುಳ್ಳ ಟೈರು, ಬಹಳ ಆಳಕ್ಕೆ ಕುಗ್ಗಿ ಮೇಲೇಳುವ ಶಾಕ್ ಅಬ್ಸಾರ್ಬರು ಅದರ ಗುರುತುಗಳು. ಪೆಟ್ರೋಲ್ ಎಂಜಿನ್ನಿನ ಜಾಗಕ್ಕೆ ಬ್ಯಾಟರಿ ಮತ್ತು ಮೋಟರು ಬಂದ ಮೇಲೆ ಅದರಿಂದ ಹೊಗೆ ಹೋಯಿತು, ಸದ್ದು ಬಹುಮಟ್ಟಿಗೆ ಅಡಗಿತು, ಬೆಲೆಯೂ ಮಧ್ಯಮ ವರ್ಗದ ಕೈಗೆಟಕುವ ಹಂತಕ್ಕೆ ಬರತೊಡಗಿತು. ಬೆಂಗಳೂರಿನ ಅಲ್ಟ್ರಾವಯೊಲೆಟ್ ಕಂಪನಿ 2025ರ ಮಾರ್ಚ್‌ನಲ್ಲಿ ಅನಾವರಣಗೊಳಿಸಿದ ಶಾಕ್‌ವೇವ್ ಎಂಬ ಬೈಕು ಸುಮಾರು 120 ಕಿಲೋ ತೂಗುತ್ತದೆ, ಸುಮಾರು 14.5 ಅಶ್ವಶಕ್ತಿಯನ್ನು ಹೊಮ್ಮಿಸುತ್ತದೆ. ರಸ್ತೆಯ ಮೇಲೂ ಕಾನೂನುಬದ್ಧವಾಗಿ ಓಡಬಲ್ಲ ವಾಹನವೆಂದೇ ಅದನ್ನು ಮಾರುಕಟ್ಟೆಗೆ ಪರಿಚಯಿಸಲಾಯಿತು. ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 75 ಹಿಡಿದರೆ ಕೋಲಾರ, ಮುಳಬಾಗಿಲುಗಳ ಬಂಡೆಗುಡ್ಡಗಳು ಒಂದು ಬೆಳಗಿನ ಸವಾರಿಯಷ್ಟೇ ದೂರ. ಆದ್ದರಿಂದ ಈ ಹವ್ಯಾಸವನ್ನೂ ಅದರ ನಿಯಮಗಳನ್ನೂ ಈ ಸೀಮೆಯ ನೆಲದ ಮೇಲಿಟ್ಟು ಪರೀಕ್ಷಿಸುವುದು ಅಗತ್ಯವಾಗಿದೆ.

ನಿಯಮಗಳ ಮೊದಲ ದೌರ್ಬಲ್ಯವೆಂದರೆ ಅವು ಅಳೆಯುವುದು ವಾಹನವನ್ನು ಮಾತ್ರ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟರಿನ ಶಕ್ತಿ 250 ವ್ಯಾಟ್‌ಗಿಂತಲೂ ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿದ್ದು ಉಳಿದ ಷರತ್ತುಗಳಿಗೂ ಒಳಪಡುವ ಬ್ಯಾಟರಿ ದ್ವಿಚಕ್ರವು ಮೋಟಾರು ವಾಹನವೇ ಅಲ್ಲ. ಅದಕ್ಕೆ ನೋಂದಣಿಯೂ ಬೇಡ, ಸವಾರನಿಗೆ ಪರವಾನಗಿಯೂ ಬೇಡ. ಶಾಕ್‌ವೇವ್‌ನಂಥ ಬೈಕಿನ ಶಕ್ತಿ ಈ ಮಿತಿಯ 40 ಪಟ್ಟನ್ನೂ ಮೀರುವುದರಿಂದ ಅದಕ್ಕೆ ನೋಂದಣಿ, ವಿಮೆ, ಪರವಾನಗಿ, ಹೆಲ್ಮೆಟ್ ಎಲ್ಲವೂ ಕಡ್ಡಾಯ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಪ್ರಕರಣವು ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಷ್ಟೇ ಅಲ್ಲ, ಬೇರೆ ಯಾವ ಸ್ಥಳದಲ್ಲೂ ಓಡಿಸಬಾರದೆನ್ನುತ್ತದೆ. ಹೀಗೆ ನಂಬರ್ ಪ್ಲೇಟ್ ಇಲ್ಲದ ಬೈಕು ಗೋಮಾಳದಲ್ಲಿ ಓಡಿದರೂ ತಪ್ಪೇ. ಆದರೆ ನಂಬರ್ ಪ್ಲೇಟ್ ಇರುವ ಬೈಕು ಅದೇ ಗೋಮಾಳದ ಹುಲ್ಲನ್ನು ಬೇರುಸಹಿತ ಕಿತ್ತೆಸೆದರೂ ಈ ಪ್ರಕರಣಕ್ಕೆ ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಕಾಣುವುದಿಲ್ಲ.

ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟದ ನೆಲ ಎಂಥದ್ದೆಂದು ತಿಳಿದಾಗ ಈ ಲೋಪದ ತೂಕ ಅರ್ಥವಾಗುತ್ತದೆ. ಬೆಟ್ಟದ ತಪ್ಪಲಿನಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯ ಸಮುಚ್ಚಯವಿದೆ. ಒಂದೇ ಪ್ರಾಕಾರದೊಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಶಿವಾಲಯಗಳು ನಿಂತಿವೆ. ಬೆಟ್ಟದ ಮೇಲೆ ಸೀತಮ್ಮನ ಗುಡಿಯಿದ್ದು, ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ಲವಕುಶರು ಇಲ್ಲೇ ಹುಟ್ಟಿದರು ಎಂಬ ನಂಬಿಕೆಯಿಂದ ಭಕ್ತರು ಬಂಡೆಯ ದಾರಿ ಹಿಡಿದು ಕಾಲ್ನಡಿಗೆಯಲ್ಲಿ ಹತ್ತುತ್ತಾರೆ. ಶಿವರಾತ್ರಿಯ ಹೊತ್ತಿಗೆ ನಡೆಯುವ ದನಗಳ ಜಾತ್ರೆಗೆ ಆಂಧ್ರ, ತಮಿಳುನಾಡುಗಳ ಗಡಿಯಾಚೆಯಿಂದಲೂ ರೈತರು ಎತ್ತುಗಳನ್ನು ಹೊಡೆದುಕೊಂಡು ಬರುತ್ತಾರೆ. ಬಂಡೆಯ ಸಂದುಗಳಲ್ಲಿ, ತಗ್ಗುಗಳಲ್ಲಿ ನಿಂತ ಮಣ್ಣು ತೀರ ತೆಳುವಾದದ್ದು, ಬಹಳ ಕಾಲ ತೆಗೆದುಕೊಂಡು ಕೂಡಿದ್ದು. ಅದನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ವಿದ್ಯುತ್ ಮೋಟರು ನಿಂತ ನಿಲುವಿನಲ್ಲೇ ತನ್ನ ಪೂರ್ಣ ತಿರುಚುಬಲವನ್ನು, ಅಂದರೆ ಚಕ್ರವನ್ನು ತಿರುಗಿಸುವ ಬಲವನ್ನು, ಕೊಡಬಲ್ಲದಾದ್ದರಿಂದ ಇಳಿಜಾರಿನಲ್ಲಿ ಆಕ್ಸಿಲರೇಟರ್ ತಿರುವಿದ ಕ್ಷಣವೇ ಹಿಂಬದಿಯ ಚಕ್ರ ಜಾರಿ ಸುತ್ತಿ ಆ ಮಣ್ಣನ್ನು ಎರಚುತ್ತದೆ. ಆಗ ಬೀಳುವ ಗೆರೆಯೇ ಮುಂದಿನ ಮಳೆಗೆ ಕಾಲುವೆಯಾಗಿ, ಕೊಚ್ಚಿದ ಮಣ್ಣು ಕೆಳಗಿನ ಕೆರೆಯ ಹೂಳಾಗುತ್ತದೆ. ಮಳೆಯ ನೀರನ್ನೂ ಕೆರೆಯ ಆಳವನ್ನೂ ನಂಬಿ ಬದುಕಿದ ಜಿಲ್ಲೆಯಲ್ಲಿ ಇದನ್ನು ಸಣ್ಣ ನಷ್ಟವೆನ್ನಲಾಗದು.

ಈ ಬೈಕುಗಳ ಪರವಾಗಿ ಸದಾ ಮುಂದಿಡುವ ವಾದ ಅವುಗಳ ನಿಶ್ಶಬ್ದತೆ. ಆ ವಾದದಲ್ಲಿ ಸತ್ಯಾಂಶವಿದೆ: ಪೆಟ್ರೋಲ್ ಬೈಕಿನ ಗದ್ದಲಕ್ಕೆ ಬೆದರುವ ಹಕ್ಕಿಗಳಿಗೂ ಊರಿನ ವೃದ್ಧರಿಗೂ ಇದು ನಿಜವಾದ ನೆಮ್ಮದಿ. ಆದರೆ ಸದ್ದು ಎಚ್ಚರಿಕೆಯೂ ಆಗಿತ್ತು ಎಂಬುದನ್ನು ಈ ವಾದ ಮರೆಯುತ್ತದೆ. ತಿರುವಿನಾಚೆ ಮೇಕೆಗಳೊಂದಿಗೆ ಬರುತ್ತಿರುವ ಕುರಿಗಾಹಿಗೆ ಬೈಕು ಕಣ್ಣಿಗೆ ಬೀಳುವ ಮುನ್ನ ಕಿವಿಗೆ ಬೀಳಬೇಕು. ಅಷ್ಟೇ ಮುಖ್ಯವಾಗಿ, ಗುಡ್ಡದ ಮೇಲೆ ಯಾರೋ ಬೈಕು ಓಡಿಸುತ್ತಿದ್ದಾರೆಂದು ಊರಿಗೆ ತಿಳಿಯುತ್ತಿದ್ದದ್ದು ಸದ್ದಿನಿಂದಲೇ. ಸದ್ದು ಅಡಗಿದ ಮೇಲೆ ದೂರು ಕೊಡುವ ಸಂದರ್ಭವೂ ಅಡಗುತ್ತದೆ, ಹಾನಿ ಮಾತ್ರ ಉಳಿಯುತ್ತದೆ.

ನೆಲವನ್ನೇ ನೋಡುವ ನಿಯಮಗಳು ಇಲ್ಲವೇ ಇಲ್ಲವೆಂದಲ್ಲ. ಪ್ರಾಚೀನ ಸ್ಮಾರಕಗಳ 1959ರ ನಿಯಮಾವಳಿಯ 8ನೇ ನಿಯಮವು ನಿಲುಗಡೆಗೆಂದು ಗೊತ್ತುಪಡಿಸಿದ ಜಾಗವನ್ನು ಬಿಟ್ಟು ರಕ್ಷಿತ ಸ್ಮಾರಕದೊಳಗೆ ಯಾವ ವಾಹನವನ್ನೂ ತರಕೂಡದೆಂದು ವಿಧಿಸುತ್ತದೆ. ಅಲ್ಲಿ ಬ್ಯಾಟರಿ, ಪೆಟ್ರೋಲ್, ವ್ಯಾಟ್‌ಗಳ ಪ್ರಶ್ನೆಯೇ ಏಳುವುದಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆ ಮೀಸಲು ಅರಣ್ಯಕ್ಕೆ ಅತಿಕ್ರಮ ಪ್ರವೇಶವನ್ನು ನಿಷೇಧಿಸುತ್ತದೆ. ಆದರೆ ಇವೆರಡೂ ತಮ್ಮ ಗಡಿಗೆರೆಯಲ್ಲೇ ನಿಲ್ಲುತ್ತವೆ. ಗೋಮಾಳದ ವಿಷಯದಲ್ಲಿ ಕಂದಾಯ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ನೆಲವನ್ನು ಕಾದಿರಿಸಬೇಕೆನ್ನುತ್ತವೆ. ಅವುಗಳ ಕಣ್ಣೆಲ್ಲ ಒತ್ತುವರಿಯ ಮೇಲೆ, ಮಂಜೂರಾತಿಯ ಮೇಲೆ ಇದೆಯೇ ಹೊರತು ಬೆಳಗ್ಗೆ ಬಂದು ಸಂಜೆಗೆ ಹೋಗುವ ಚಕ್ರದ ಮೇಲಿಲ್ಲ. ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯ್ದೆಯ 34ನೇ ಪ್ರಕರಣ ಇಲ್ಲಿ ಗಮನಾರ್ಹ: ರಸ್ತೆಯಲ್ಲದ ಸಾಮುದಾಯಿಕ ಭೂಮಿಯ ಮೇಲೆ, ಅಂದರೆ ನಮ್ಮ ಗೋಮಾಳವನ್ನು ಬಹುಮಟ್ಟಿಗೆ ಹೋಲುವ ನೆಲದ ಮೇಲೆ, ಕಾನೂನುಬದ್ಧ ಅಧಿಕಾರವಿಲ್ಲದೆ ಯಂತ್ರವಾಹನ ಓಡಿಸುವುದನ್ನೇ ಅದು ಅಪರಾಧವೆಂದು ಎಣಿಸುತ್ತದೆ, ವಾಹನ ನೋಂದಣಿಯಾಗಿದೆಯೇ ಎಂಬುದು ಅಲ್ಲಿ ಬೇರೆಯೇ ಪ್ರಶ್ನೆ.

ಇಷ್ಟೆಲ್ಲ ಹೇಳಿದರೂ ಹವ್ಯಾಸವನ್ನೇ ನಿರಾಕರಿಸುವುದು ಅನ್ಯಾಯ. ಮಣ್ಣಿನ ಮೇಲೆ ಬೈಕನ್ನು ಸಮತೋಲದಲ್ಲಿ ನಡೆಸುವುದು ಮೈ ಮನಸ್ಸುಗಳೆರಡನ್ನೂ ಹದಗೊಳಿಸುವ ನಿಜವಾದ ಕೌಶಲ. 2015ರಲ್ಲಿ ಡಾಕರ್ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ. ಎಸ್. ಸಂತೋಷ್ ಕಟ್ಟಿದ ಬಿಗ್‌ರಾಕ್ ತರಬೇತಿ ಮೈದಾನ ಕೋಲಾರ ಜಿಲ್ಲೆಯಲ್ಲೇ ಇದೆ ಎಂಬುದು ಈ ಚರ್ಚೆಯಲ್ಲಿ ಮರೆಯಬಾರದ ಸಂಗತಿ. ಬೇಲಿಯೊಳಗಿನ ನೆಲ, ಕಲಿಸುವ ಗುರು, ಮೈಗೆ ರಕ್ಷಾಕವಚ ಇವು ಕೂಡಿದಾಗ ಅದೇ ಬೈಕು ಕ್ರೀಡೆಯಾಗುತ್ತದೆ. ಅಪ್ರಾಪ್ತರ ವಿಷಯದಲ್ಲಂತೂ ಇದು ಇನ್ನೂ ನಿಜ. 16 ವರ್ಷದವರಿಗೆ 50 ಸಿಸಿ ಒಳಗಿನ ಎಂಜಿನ್ನಿಗೆ ಅನುಮತಿ ಕೊಡುವ ಮೋಟಾರು ವಾಹನ ಕಾಯ್ದೆಯ ಅಳತೆ ಸಿಸಿಯೇ ಇಲ್ಲದ ಮೋಟರಿಗೆ ಹೊಂದುವುದಿಲ್ಲ, ಆದರೆ ಅಪ್ರಾಪ್ತರಿಂದ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸುವ 199ಎ ಪ್ರಕರಣ 2019ರ ತಿದ್ದುಪಡಿಯಿಂದ ಜಾರಿಯಲ್ಲಿದೆ.

ಹಾಗಾದರೆ ಹೊಸ ಕಾಯ್ದೆಯೇ ಬೇಕೆಂದು ಕಾಯುವ ಅಗತ್ಯವೂ ಇಲ್ಲ. ಮೋಟಾರು ವಾಹನ ಕಾಯ್ದೆಯ 115ನೇ ಪ್ರಕರಣವು ಸಾರ್ವಜನಿಕ ಸುರಕ್ಷತೆ ಮತ್ತು ಅನುಕೂಲಕ್ಕಾಗಿ ನಿರ್ದಿಷ್ಟ ಪ್ರದೇಶದಲ್ಲಿ ನಿರ್ದಿಷ್ಟ ಬಗೆಯ ವಾಹನಗಳ ಓಡಾಟವನ್ನು ನಿರ್ಬಂಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಅಧಿಕಾರಿಗೂ ಕೊಟ್ಟಿದೆ; ನಿರ್ಬಂಧ ಒಂದು ತಿಂಗಳನ್ನು ಮೀರದಿದ್ದರೆ ರಾಜ್ಯಪತ್ರದ ಅಧಿಸೂಚನೆಯೂ ಬೇಕಿಲ್ಲ, ಸ್ಥಳೀಯ ಪ್ರಚಾರವೇ ಸಾಕು. ದನಗಳ ಜಾತ್ರೆಯ ದಿನಗಳಿಗೆ ಈ ಅಲ್ಪಾವಧಿಯ ನಿರ್ಬಂಧ, ಬೆಟ್ಟದ ಕಾಲುದಾರಿಗೂ ಕೆರೆಯ ಏರಿಗೂ ಅಧಿಸೂಚಿತವಾದ ಶಾಶ್ವತ ನಿರ್ಬಂಧ, ಅದರ ಜೊತೆಗೇ ಮಾಲೂರಿನ ಟೇಕಲ್ ಕಡೆಯಂಥ ಕಲ್ಲುಗಣಿ ಪ್ರದೇಶಗಳಲ್ಲಿ ಕೆಲಸ ನಿಂತ ಒಂದು ಕ್ವಾರಿಯನ್ನು ಭದ್ರಪಡಿಸಿ ಸವಾರರಿಗೆ ತೆರೆದುಕೊಡುವ ವ್ಯವಸ್ಥೆ, ಇವು ಜಿಲ್ಲಾಡಳಿತ ಮನಸ್ಸು ಮಾಡಿದರೆ ಆಗಬಹುದಾದ ಕೆಲಸಗಳು. ನಿರ್ಬಂಧದ ಗಡಿ ಎಲ್ಲಿ ಹಾಯಬೇಕೆಂಬುದನ್ನು ಮಾತ್ರ ಕಚೇರಿಯ ನಕಾಶೆಯಿಂದಲೇ ತೀರ್ಮಾನಿಸದೆ, ಆ ಗುಡ್ಡದಲ್ಲಿ ದನ ಕುರಿ ಮೇಯಿಸುವವರನ್ನು ಗ್ರಾಮಸಭೆಯಲ್ಲಿ ಕೇಳಿ ಗೊತ್ತುಮಾಡಬೇಕು.