ಅಭಯಾರಣ್ಯವೂ ಅಚೌರ್ಯವ್ರತವೂ

ಆಹಾರ, ಔಷಧ, ಶಾಸ್ತ್ರಗಳೊಡನೆ ಅಭಯವನ್ನೂ ದಾನವೆಂದು ಎಣಿಸಿದ ಪರಂಪರೆ ಜೈನರದು. ಆದುದರಿಂದ ಹೊಸ ಅಭಯಾರಣ್ಯದ ಘೋಷಣೆಯಾದಾಗ ಶ್ರಾವಕರು ಸಂತೋಷಪಡುವುದು ಸಹಜ. ಆದರೆ ಅಹಿಂಸಾಣುವ್ರತದ ಮಗ್ಗುಲಲ್ಲಿಯೇ ಅಚೌರ್ಯಾಣುವ್ರತವೂ ಇದೆ. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ರಕ್ಷಿತ ಪ್ರದೇಶಗಳ ಬಗೆಗೆ ಜನಾಭಿಪ್ರಾಯ ಕೇಳುವ ಕ್ರಮವನ್ನು ಈ ಎರಡು ವ್ರತಗಳ ಬೆಳಕಿನಲ್ಲಿ ವಿಮರ್ಶಿಸುವುದು ಉಚಿತ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ, ಮೀಸಲು ಅರಣ್ಯವಲ್ಲದ ಭೂಮಿಯನ್ನು ಅಭಯಾರಣ್ಯವನ್ನಾಗಿಸುವಾಗ ರಾಜ್ಯ ಸರ್ಕಾರವು ಮೊದಲು ತನ್ನ ಉದ್ದೇಶವನ್ನು ಅಧಿಸೂಚನೆಯಲ್ಲಿ ಪ್ರಕಟಿಸುತ್ತದೆ. ಅನಂತರ ಜಿಲ್ಲಾಧಿಕಾರಿಗಳು ಸುತ್ತಲಿನ ಗ್ರಾಮಗಳಲ್ಲಿ ಪ್ರಾದೇಶಿಕ ಭಾಷೆಯಲ್ಲಿ ಪ್ರಕಟಣೆ ಹೊರಡಿಸಿ, ಹಕ್ಕುಳ್ಳವರು ಎರಡು ತಿಂಗಳೊಳಗೆ ಅದನ್ನು ಬರೆದು ತಿಳಿಸಬೇಕೆಂದು ಸೂಚಿಸುತ್ತಾರೆ. ನಿಮ್ಮ ಹಕ್ಕೇನು ಎಂಬ ಪ್ರಶ್ನೆ ಇಲ್ಲಿದೆ. ನಿಮ್ಮ ಸಮ್ಮತಿ ಇದೆಯೇ ಎಂಬ ಪ್ರಶ್ನೆ ಇಲ್ಲ. ನಿರ್ಧರಿಸಿದ ಮೇಲೆ ಕೇಳುವುದು ಲೆಕ್ಕ ಬರೆದು ಮುಗಿಸಿದ ಮೇಲೆ ಪಾಲುದಾರನ ರುಜು ಬೇಡಿದಂತೆ.

2002ರ ತಿದ್ದುಪಡಿಯು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿತು. ಸರ್ಕಾರಿ ಭೂಮಿಯಲ್ಲಿ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸುವ ಮೊದಲೇ ಸ್ಥಳೀಯರೊಡನೆ ಸಮಾಲೋಚಿಸಬೇಕೆಂದು ಅದು ವಿಧಿಸಿತು. ಜನರೇ ಮುಂದೆ ಬಂದು ತಮ್ಮ ಭೂಮಿಯನ್ನು ಒಪ್ಪಿಸುವ ಸಮುದಾಯ ಮೀಸಲು ಪ್ರದೇಶಕ್ಕೂ ಎಡೆಮಾಡಿತು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಇಂತಹ ಪ್ರದೇಶವೆನಿಸಿತು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಹುಣಸೆಮರಗಳ ಫಲವನ್ನು ಗ್ರಾಮಸ್ಥರು ಹಕ್ಕಿಗಳಿಗಾಗಿ ಬಿಟ್ಟುಕೊಟ್ಟವರು. ಅದು ನಿಜವಾದ ಅಭಯದಾನ.

ಹಾಗೆಂದು ಕೇಳಿದ ಮಾತ್ರಕ್ಕೆ ಧರ್ಮವು ಪೂರ್ಣವಾಗುವುದಿಲ್ಲ. ಅಭಯಾರಣ್ಯವಲ್ಲದಿದ್ದರೂ ಇದೇ ಬಗೆಯ ಇನ್ನೊಂದು ನಿದರ್ಶನ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ್ದು. ಅದರ ಕರಡು ಅಧಿಸೂಚನೆ 2014ರಿಂದ 2024ರವರೆಗೆ ಆರು ಬಾರಿ ಹೊರಟಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿ ಸೇರಿತ್ತು. ಆಕ್ಷೇಪಣೆಗೆ ಅರವತ್ತು ದಿನಗಳ ಅವಧಿ ಇತ್ತು. ಸಣ್ಣ ಹಿಡುವಳಿದಾರನ ನ್ಯಾಯವಾದ ಭಯವೂ ಕಲ್ಲುಗಣಿಯವನ ಲಾಭದಾಸೆಯೂ ಆಕ್ಷೇಪಣೆಯೆಂಬ ಒಂದೇ ಹೆಸರಿನಲ್ಲಿ ಬರಬಲ್ಲವು. ಸಿಂಗಳೀಕವಂತೂ ಅರ್ಜಿ ಬರೆಯಲಾರದು. ಅನೇಕಾಂತವೆಂದರೆ ಎಲ್ಲರ ಮಾತಿಗೂ ಸಮನಾದ ತೂಕವಲ್ಲ. ಯಾರ ಮಾತು ಯಾವ ನೆಲೆಯಿಂದ ಬಂದಿತೆಂಬ ವಿವೇಕವೂ ಹೌದು.

ಬಸದಿಗಳ ಆಡಳಿತ ಮಂಡಳಿಗಳು ಇಲ್ಲಿ ಮಾಡಬಹುದಾದುದಿದೆ. ಕರಡು ಪ್ರಕಟವಾದಾಗ ಅದನ್ನು ಊರವರಿಗೆ ಕನ್ನಡದಲ್ಲಿ ಓದಿ ಹೇಳಬೇಕು. ವನಜೀವಿಕೆ, ಸ್ಫೋಟಜೀವಿಕೆಗಳನ್ನು ಖರಕರ್ಮಗಳೆಂದು ಎಣಿಸಿದ ಸಮಾಜದಲ್ಲಿ, ಮರದ ಅಥವಾ ಗಣಿಯ ವ್ಯಾಪಾರವುಳ್ಳವರು ಅದನ್ನು ಮೊದಲು ತಿಳಿಸಿ ಅನಂತರ ಅಭಿಪ್ರಾಯ ಹೇಳಬೇಕು. ಬಸದಿಗೆ ಸೇರಿದ ಕೆರೆ, ತೋಪುಗಳಿದ್ದರೆ ಅವುಗಳಲ್ಲಿ ಜೀವಿಗಳಿಗೆ ಸ್ವಇಚ್ಛೆಯಿಂದ ಅಭಯ ನೀಡುವುದೂ ಸಾಧ್ಯ. ಇತರರ ಭೂಮಿಯಲ್ಲಿ ಅಹಿಂಸೆಯನ್ನು ಬಯಸುವವರು ಮೊದಲು ತಮ್ಮ ಭೂಮಿಯಿಂದ ಆರಂಭಿಸುವುದು ಶ್ರಾವಕಧರ್ಮಕ್ಕೆ ಒಪ್ಪುವ ಮಾರ್ಗ.