ಮುಂಗೈಯ ತಿರುವಿಗೆ ಅಂಕ ಕೊಡುವ ಬಗೆ: ಒಂದು ವಿಮರ್ಶೆ

ಹೆರಿಗೆಯ ವೇಳೆಯಲ್ಲಿ ಕತ್ತಿನಿಂದ ತೋಳಿಗಿಳಿಯುವ ನರಗಳು ಸೆಳೆತಕ್ಕೆ ಸಿಕ್ಕಿ ನೊಂದ ಮಕ್ಕಳನ್ನು ಕುರಿತ ಬರಹಗಳಲ್ಲಿ ಹೆಗಲಿಗೆ ದೊರೆತ ಗಮನ ಮುಂಗೈಗೆ ದೊರೆತಿಲ್ಲ. ಮ್ಯಾಲೆ 1972ರಲ್ಲಿ ಸೂಚಿಸಿದ ಐದು ಪರೀಕ್ಷೆಗಳಲ್ಲಿ ಮುಂಗೈಯ ತಿರುವಿಗೆ ಪ್ರತ್ಯೇಕ ಸ್ಥಾನವೇ ಇರಲಿಲ್ಲ. ಆ ಕೊರತೆಯನ್ನು ತುಂಬಿದುದು ಟೊರಾಂಟೊದಲ್ಲಿ ರೂಪುಗೊಂಡು, ಕ್ಲಾರ್ಕ್ ಮತ್ತು ಕರ್ಟಿಸ್ ಅವರು 1995ರಲ್ಲಿ ಪ್ರಕಟಿಸಿದ ಸಕ್ರಿಯ ಚಲನೆಯ ಮಾಪಕ. ಅದರಲ್ಲಿ 15 ಚಲನೆಗಳಿವೆ. ಒಂದೊಂದಕ್ಕೂ 0ಯಿಂದ 7ರವರೆಗೆ ಅಂಕ. ಹೇಳಿದಂತೆ ಮಾಡಲರಿಯದ ಎಳೆಗೂಸನ್ನೂ ಅದರ ಆಟವನ್ನು ನೋಡಿಯೇ ಪರೀಕ್ಷಿಸಬಹುದೆಂಬುದು ಇದರ ನಿಜವಾದ ಹಿರಿಮೆ.

ಆದರೆ ಮುಂಗೈಯ ವಿಷಯದಲ್ಲಿ ಈ ಮಾಪಕವನ್ನು ಹಾಗೆಯೇ ಒಪ್ಪುವುದು ಕಷ್ಟ. ಭೂಮಿಯ ಸೆಳೆತವಿಲ್ಲದ ಚಲನೆಗೆ 4ರವರೆಗೆ, ಸೆಳೆತವನ್ನೆದುರಿಸಿದ ಚಲನೆಗೆ 5ರಿಂದ 7ರವರೆಗೆ ಅಂಕವೆಂಬುದು ನಿಯಮ. ತೋಳನ್ನೆತ್ತುವಲ್ಲಿ ಇದು ಅರ್ಥವತ್ತಾದುದು. ಮುಂಗೈಯಾದರೋ ತನ್ನ ಅಕ್ಷದ ಸುತ್ತ ತಿರುಗುವಂಥದು. ಅಲ್ಲಿ ಎತ್ತಬೇಕಾದ ಭಾರವೆಷ್ಟು? ಈ ಆಕ್ಷೇಪ ಅಷ್ಟು ದೊಡ್ಡದಲ್ಲವೆನ್ನಿ. ಇನ್ನೊಂದು ದೊಡ್ಡದು. ಪರೀಕ್ಷಕನು ತನ್ನ ಕೈಯಿಂದ ಎಷ್ಟು ತಿರುಗಿಸಬಲ್ಲನೋ ಅಷ್ಟನ್ನೇ ಪೂರ್ಣವೆಂದಿಟ್ಟುಕೊಂಡು ಈ ಅಂಕಗಳನ್ನು ಕೊಡಲಾಗುತ್ತದೆ. ಮುಂಗೈ ಬಿಗಿದು ಇಪ್ಪತ್ತೇ ಡಿಗ್ರಿ ಉಳಿದಿರುವ ಮಗು ಆ ಇಪ್ಪತ್ತನ್ನು ತಾನೇ ತಿರುಗಿಸಿದರೆ ಅದಕ್ಕೂ 7, ನೆಟ್ಟಗಿರುವ ಕೈಗೂ 7.

ಇದರ ಬೆಲೆ ತಿಳಿಯುವುದು ಚಿಕಿತ್ಸೆಯ ಹೊತ್ತಿನಲ್ಲಿ. ಕತ್ತಿನ ಐದನೆಯ ಮತ್ತು ಆರನೆಯ ನರಮೂಲಗಳು ಮಾತ್ರ ನೊಂದರೆ ಸಾಮಾನ್ಯವಾಗಿ ಅಂಗೈ ಕೆಳಮುಖವಾಗಿ ನಿಲ್ಲುತ್ತದೆ. ಕೆಳಗಿನ ಮೂಲಗಳೂ ಕೆಟ್ಟು ಬೈಸೆಪ್ಸ್ ಸ್ನಾಯು ಮಾತ್ರ ಚೇತರಿಸಿಕೊಂಡರೆ ಅಂಗೈ ಬೇಡುವವನದರಂತೆ ಮೇಲ್ಮುಖವಾಗಿಯೇ ಉಳಿಯಬಹುದು. ಆ ಸ್ನಾಯುವಿನ ಕಂಡರವನ್ನು ರೇಡಿಯಸ್ ಮೂಳೆಯ ಇನ್ನೊಂದು ಮಗ್ಗುಲಿನಿಂದ ಸುತ್ತಿ ತಂದು, ಅದೇ ಸ್ನಾಯು ಅಂಗೈಯನ್ನು ಕೆಳಕ್ಕೆ ತಿರುಗಿಸುವಂತೆ ಮಾಡುವ ವಿಧಾನವನ್ನು ಅರ್ಜೆಂಟೀನದ ಜಾಂಕೊಲಿ 1967ರಲ್ಲಿ ಪ್ರಕಟಿಸಿದರು. ಪರೀಕ್ಷಕನ ಕೈಗೆ ಮುಂಗೈ ತಿರುಗುವಂತಿದ್ದರೆ ಈ ವಿಧಾನ ಸಲ್ಲುತ್ತದೆ. ಬಿಗಿದಿದ್ದರೆ ಮೊದಲು ಬಿಗಿತವನ್ನು ಬಿಡಿಸಬೇಕು, ಇಲ್ಲವೆ ಮೂಳೆಯನ್ನೇ ಕತ್ತರಿಸಿ ತಿರುಗಿಸಬೇಕು. ಶಸ್ತ್ರವೈದ್ಯನಿಗೆ ಬೇಕಾದ ಆ ಸಂಗತಿಯನ್ನೇ ಅಂಕವು ಮರೆಮಾಡುತ್ತದೆ.

ಹೆಗಲಿನ ಮೋಸ ಬೇರೆ ಇದೆ. ಮೊಣಕೈ ನೀಡಿದ್ದರೆ ಹೆಗಲು ಹೊರಳಿದರೂ ಅಂಗೈ ಹೊರಳಿದಂತೆ ಕಾಣುತ್ತದೆ. ಆದುದರಿಂದ ಮೊಣಕೈಯನ್ನು ಪಕ್ಕೆಗೊತ್ತಿ ನೇರಕೋನಕ್ಕೆ ಮಡಿಸಿ ನೋಡತಕ್ಕದ್ದು. ಬೊಗಸೆಯೊಡ್ಡಿ ನೀರು ಹಿಡಿಯೆಂದರೂ ಸಾಕು, ದೊಡ್ಡ ಮಕ್ಕಳಲ್ಲಿ ಬಹಳಷ್ಟು ತಿಳಿಯುತ್ತದೆ. ಮ್ಯಾಲೆಯ ಐದರಲ್ಲಿ ಅಂಥದೊಂದೂ ಇಲ್ಲ. ಮಾಪಕವನ್ನು ಕೈಬಿಡಬೇಕಾಗಿಲ್ಲ. ಅಂಕದ ಪಕ್ಕದಲ್ಲಿ ಎರಡು ಸಂಖ್ಯೆಗಳನ್ನು, ಮಗು ತಾನಾಗಿ ತಿರುಗಿಸಿದ ಡಿಗ್ರಿಗಳನ್ನೂ ಪರೀಕ್ಷಕನು ತಿರುಗಿಸಿದವನ್ನೂ, ಬರೆಯುವಂತಾದರೆ ಸಾಕು.