ಮೀನಿಗಿಂತ ಮೊದಲು ಗಿಡ ನೋಡಿ

ಗಿಡ ನೆಟ್ಟ ಅಕ್ವೇರಿಯಂ ಇರುವ ಮನೆಗೆ ಹೋದವರು ಮೊದಲು ಗಾಜಿಗೆ ಬೆರಳು ಬಡಿಯುತ್ತಾರೆ. ಆಮೇಲೆ, ಬೆರಳಿನತ್ತ ಓಡಿಬಂದ ಮೀನುಗಳನ್ನು ಕಂಡು “ಗುರುತು ಹಿಡಿತಾವೆ ನೋಡಿ” ಎಂದು ಖುಷಿಪಡುತ್ತಾರೆ. ಮೀನು ಬಂದದ್ದು ಊಟ ಸಿಕ್ಕೀತೆಂದು, ಅಷ್ಟೆ. ಚೆನ್ನಾಗಿರುವ ಟ್ಯಾಂಕಿನಲ್ಲಿ ಹೆಚ್ಚು ಹೊತ್ತು ಮೀನುಗಳಿಗೆ ನಿಮ್ಮ ಹಂಗೇ ಇರುವುದಿಲ್ಲ. ಎಲೆಯ ಸಂದಿಯಲ್ಲಿ ಏನನ್ನೋ ಹೆಕ್ಕುತ್ತ, ಒಂದನ್ನೊಂದು ಅಟ್ಟುತ್ತ ತಮ್ಮ ಪಾಡಿಗೆ ಇರುತ್ತವೆ. ಈ ‘ತಮ್ಮ ಪಾಡಿಗೆ’ ಇರುವುದನ್ನು ನೋಡಿ ಸುಖಪಡುವ ರುಚಿ ಹತ್ತಿದರೆ ಅರ್ಧ ಕೆಲಸ ಆದಂತೆ.

ಹರಿಹರದವರಿಗೆ ಈ ಪಾಠ ಕಲಿಸಲು ಊರ ಹೊಳೆಯೇ ಇದೆ, ಆದರೆ ಸ್ವಲ್ಪ ಮೇಲಕ್ಕೆ ಹೋಗಬೇಕು. ನಮ್ಮಲ್ಲಿಗೆ ಬರುವ ಹೊತ್ತಿಗೆ ತುಂಗಭದ್ರೆಯ ನೀರಿನಲ್ಲಿ ಮೀನು ಕಾಣುವುದು ಕಷ್ಟ. ಕೂಡಲಿಯಲ್ಲಿ ಭದ್ರೆ ಸೇರುವ ಮುಂಚಿನ ತುಂಗೆಯನ್ನು ಶೃಂಗೇರಿಯ ಮೆಟ್ಟಿಲ ಮೇಲೆ ಕೂತು ನೋಡಿ. ಮಂಡಕ್ಕಿ ಬಿದ್ದ ಕಡೆ ಮುಗಿಬಿದ್ದು ಕೊತಕೊತ ಅನ್ನುವ ಮೀನುಗಳನ್ನು ಬಿಟ್ಟುಬಿಡಿ. ಅವುಗಳಿಂದಾಚೆ, ಹರಿವಿಗೆ ಮುಖಮಾಡಿ ನಿಂತಲ್ಲೇ ನಿಂತವುಗಳನ್ನು ಹುಡುಕಿ. ರೆಕ್ಕೆ ಬಿಚ್ಚಿಕೊಂಡಿರುತ್ತದೆ, ಬಾಲ ಮಾತ್ರ ಸಣ್ಣಗೆ ಆಡುತ್ತದೆ, ಕಿವಿರು ಒಂದೇ ಲಯದಲ್ಲಿ ತೆರೆದು ಮುಚ್ಚುತ್ತದೆ. ಆರೋಗ್ಯ ಅಂದರೆ ಇದು. ಅಂಗಡಿಯಲ್ಲಿ ಮೀನು ಕೊಳ್ಳುವಾಗಲೂ ಬಣ್ಣಕ್ಕಿಂತ ಮೊದಲು ಇದನ್ನೇ ನೋಡಿ. ರೆಕ್ಕೆಯನ್ನು ಮೈಗೆ ಅಂಟಿಸಿಕೊಂಡು ಮೂಲೆಯಲ್ಲಿ ನಿಂತದ್ದು, ಹೊಟ್ಟೆ ಒಳಗೆ ಹೋದದ್ದು ಎಷ್ಟೇ ಚೆಂದವಿರಲಿ, ಬೇಡ. (ದಾವಣಗೆರೆಯ ಮಂಡಕ್ಕಿ ಎಷ್ಟೇ ಹೆಸರುವಾಸಿಯಾದರೂ ಅದನ್ನು ಟ್ಯಾಂಕಿಗೆ ಹಾಕಬೇಡಿ. ಎರಡು ದಿನಕ್ಕೆ ನೀರು ನಾರುತ್ತದೆ.)

ಟ್ಯಾಂಕ್ ನೋಡಲು ಸರಿಯಾದ ಹೊತ್ತು ಬೆಳಗಿನ ಜಾವ, ಲೈಟ್ ಹಾಕುವ ಮುಂಚೆ. ಸಂಜೆ ಎಲ್ಲ ಟ್ಯಾಂಕೂ ಚೆನ್ನಾಗಿಯೇ ಕಾಣುತ್ತದೆ. ಹಗಲು ಆಮ್ಲಜನಕ ಬಿಡುವ ಗಿಡಗಳು ರಾತ್ರಿಯಿಡೀ ಅದನ್ನೇ ಬಳಸುತ್ತವೆ. ಹೀಗಾಗಿ ಬೆಳಗಾಗುವ ಹೊತ್ತಿಗೆ ನೀರಿನಲ್ಲಿ ಅದು ಅತಿ ಕಡಿಮೆ. ಬಿಸಿ ನೀರು ಹಿಡಿದಿಟ್ಟುಕೊಳ್ಳುವುದೂ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಂ ದಾಟುವುದು 32 ಡಿಗ್ರಿಗೆ ಏಳರ ಆಸುಪಾಸಿಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾಗುವುದು ಹೆಚ್ಚು. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಟ್ಯಾಂಕ್ ಕೆಡುವುದು ಹೆಚ್ಚಾಗಿ ಹೀಗೆಯೇ. ಬೆಳಿಗ್ಗೆ ಬಾರ್ಬ್, ಟೆಟ್ರಾಗಳೆಲ್ಲ ಮೇಲೆ ಬಂದು ನೀರಿನ ಅಂಚಿಗೆ ಬಾಯಿ ಇಟ್ಟಿದ್ದರೆ ಅದು ಉಸಿರಿನ ಗೋಳು. ರಾತ್ರಿ ಏರ್ ಪಂಪ್ ಹಾಕಿ, ಟ್ಯಾಂಕಿನ ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬಿಡಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಟ್ಟವರು ಲೈಟ್ ಆರುವ ಮುಂಚೆಯೇ ಅದನ್ನು ಬಂದ್ ಮಾಡಿ.

ಹೊಸಬರು ಸುಮ್ಮನೆ ಗಾಬರಿಯಾಗುವುದೂ ಇಲ್ಲೇ. ಕೋರಿಡೋರಾಸ್ ಎಂಬ ಪುಟ್ಟ ಬೆಕ್ಕುಮೀನು ಇದ್ದಕ್ಕಿದ್ದಂತೆ ತಳದಿಂದ ಬಾಣದಂತೆ ಮೇಲೇರಿ, ಒಂದು ಗುಟುಕು ಗಾಳಿ ಕುಡಿದು ಮತ್ತೆ ಮರಳಿಗೆ ಇಳಿಯುತ್ತದೆ. ಅದು ಕರುಳಿನಿಂದಲೂ ಉಸಿರಾಡಬಲ್ಲದು. ಆಗೊಮ್ಮೆ ಈಗೊಮ್ಮೆ ಹಾಗೆ ಮಾಡಿದರೆ ಚಿಂತೆಯಿಲ್ಲ. ಗೌರಾಮಿ, ಬೆಟ್ಟಾಗಳಿಗೂ ಮೇಲಿನ ಗಾಳಿ ಬೇಕೇ ಬೇಕು. ಯಾವ ಮೀನು ಮೇಲೆ ಬಂತು, ಎಷ್ಟು ಹೊತ್ತು ಅಲ್ಲೇ ನಿಂತಿತು ಎಂಬುದು ತಿಳಿಯದೆ ಔಷಧಿ ಸುರಿಯುವವರೇ ಜಾಸ್ತಿ.

ಇನ್ನು ಗಿಡ. ಲೈಟ್ ಹಾಕಿ ಮೂರು-ನಾಲ್ಕು ಗಂಟೆಯಾದ ಮೇಲೆ ಒಂದೇ ಒಂದು ವ್ಯಾಲಿಸ್ನೇರಿಯಾ ಎಲೆಯನ್ನು ಆರಿಸಿಕೊಂಡು ಅದನ್ನೇ ನೋಡಿ. ಎಲೆ ಎಲ್ಲೋ ಚೂರು ಸೀಳಿದ ಜಾಗದಿಂದ ದಾರ ಎಳೆದಂತೆ ಸಣ್ಣ ಗುಳ್ಳೆಗಳ ಸಾಲು ಹೊರಡುತ್ತದೆ. ಗಿಡ ಭರದಿಂದ ಆಮ್ಲಜನಕ ತಯಾರಿಸುತ್ತಿದೆ ಎಂದು ಅರ್ಥ. ನೀರು ಬದಲಿಸಿದ ಕೂಡಲೇ ಗಾಜಿಗೆ, ಕಲ್ಲಿಗೆ ಎಲ್ಲೆಲ್ಲೂ ಅಂಟುವ ಗುಳ್ಳೆ ಬೇರೆ, ಅದಕ್ಕೆ ಮೋಸಹೋಗಬೇಡಿ. ಬೆಳೆಯುವ ಗಿಡದ ದೊಡ್ಡ ಉಪಕಾರ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಮೀನು ಕಿವಿರಿನಿಂದ ಬಿಡುವ ಅಮೋನಿಯಾವನ್ನು ಗಿಡ ನೇರವಾಗಿ ಹೀರುತ್ತದೆ. ಉಳಿದದ್ದನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್, ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾ ಕೂಡಿಕೊಳ್ಳಲು ಹೊಸ ಟ್ಯಾಂಕಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಬರೀ ಗಿಡ ನೋಡಿಕೊಂಡಿರಿ. ಕ್ರಿಪ್ಟೊಕೊರೈನ್ ಹೊಸ ನೀರಿಗೆ ಬಂದೊಡನೆ ಎಲೆಯೆಲ್ಲ ಕೊಳೆತು ಕರಗುತ್ತದೆ. ಕಿತ್ತೆಸೆಯಬೇಡಿ, ಬೇರಿನಿಂದ ಮತ್ತೆ ಚಿಗುರುತ್ತದೆ. ಅನುಬಿಯಾಸ್‌ನ ಗಡ್ಡೆಯನ್ನು ಮಾತ್ರ ಮರಳಲ್ಲಿ ಹೂಳಬಾರದು, ಕಲ್ಲಿಗೋ ಕಟ್ಟಿಗೆಗೋ ಕಟ್ಟಬೇಕು.

ನೀರಿನ ಮಾತು ಬಂದರೆ ನಲ್ಲಿಯದೋ ಬೋರಿನದೋ ಎಂದು ಮೊದಲು ಕೇಳಿ. ನಲ್ಲಿಗೆ ಬರುವ ಹೊಳೆ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಅಂಗಡಿಯವರು ಕೊಡುವ ಆ್ಯಂಟಿ-ಕ್ಲೋರಿನ್ ಹಾಕಿ. ಬೋರಿನ ನೀರು ಹೆಚ್ಚಾಗಿ ಗಡಸು. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಅದು ಹಿತ, ಅಮೆಜಾನ್ ಕಡೆಯ ನಿಯಾನ್ ಟೆಟ್ರಾಗೆ ಅಲ್ಲ. ನೀರಿನ ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದಲ್ಲಿ ವಿಷವಾಗುವ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ ಎಂಬುದೂ ನೆನಪಿರಲಿ. ಹೊಳೆದಂಡೆಯಿಂದ ಕಲ್ಲು ತರುವ ಆಸೆ ಎಲ್ಲರಿಗೂ ಇರುತ್ತದೆ. ತನ್ನಿ, ಆದರೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಸುಣ್ಣದ ಕಲ್ಲು, ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ.

ಅಂದದ ವಿಷಯದಲ್ಲಿ ನನ್ನದೊಂದು ಹಟ ಇದೆ: ನೀಲಿ ಜಲ್ಲಿ, ಪ್ಲಾಸ್ಟಿಕ್ ಬುರುಡೆ, ಗುಳ್ಳೆ ಬಿಡುವ ಪೆಟ್ಟಿಗೆ ಬೇಡವೇ ಬೇಡ. ಜಪಾನಿನ ನೀಗಾಟಾದ ತಕಾಶಿ ಅಮಾನೊ ಛಾಯಾಗ್ರಾಹಕನೂ ಆಗಿದ್ದ. 1982ರಲ್ಲಿ ತನ್ನ ಕಂಪನಿ ಶುರುಮಾಡಿ, ಕಲ್ಲು-ಕಟ್ಟಿಗೆ-ಗಿಡಗಳಿಂದಲೇ ಟ್ಯಾಂಕಿನೊಳಗೆ ಕಾಡು, ಹುಲ್ಲುಗಾವಲು ಕಟ್ಟುವ ದಾರಿ ತೋರಿಸಿದ. ಅವನ ಟ್ಯಾಂಕುಗಳಲ್ಲಿ ಮೀನು ಸಣ್ಣದು, ಹೆಚ್ಚಾಗಿ ಒಂದೇ ಜಾತಿಯ ಗುಂಪು. ಹಾಗಾಗಿಯೇ ಗಿಡ ದೊಡ್ಡದಾಗಿ ಕಾಣುತ್ತದೆ. ಎಂಟು ಜಾತಿಯ ಎರಡೆರಡು ಮೀನು ಸಾಕುವುದಕ್ಕಿಂತ ಒಂದೇ ಜಾತಿಯ ಹನ್ನೆರಡು ಮೀನು ಒಟ್ಟಿಗೆ ತಿರುಗುವುದನ್ನು ನೋಡುವುದು ಸೊಗಸು. ಮೀನಿಗೂ ಗುಂಪಿನಲ್ಲಿದ್ದರೆ ಧೈರ್ಯ, ಬಣ್ಣವೂ ಏರುತ್ತದೆ. ಜೀಬ್ರಾ ಡೇನಿಯೊ, ರೋಸಿ ಬಾರ್ಬ್ ನಮ್ಮ ಉಪಖಂಡದ ಮೀನುಗಳೇ. ಜಗತ್ತಿನ ಟ್ಯಾಂಕುಗಳಲ್ಲೆಲ್ಲ ಕೆಂಪಗೆ ಮೆರೆಯುವ ರೊಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ ಗಿಡ.

ಬಿಳಿಚುಕ್ಕೆ ರೋಗ ಒಂದಲ್ಲ ಒಂದು ದಿನ ಬರುತ್ತದೆ. ಮೈಮೇಲೆ ಉಪ್ಪು ಉದುರಿಸಿದ ಹಾಗೆ ಕಾಣುವ ಆ ಚುಕ್ಕೆಯೊಳಗೆ ಒಂದು ಪರೋಪಜೀವಿ. ಅದು ಕಳಚಿ ತಳಕ್ಕೆ ಬಿದ್ದು, ನೂರಾರು ಮರಿಗಳಾಗಿ ಒಡೆದು ಮತ್ತೆ ಮೀನು ಹುಡುಕುತ್ತದೆ. ಔಷಧಿ ತಾಗುವುದು ಈಜಾಡುವ ಆ ಮರಿಗಳಿಗೆ ಮಾತ್ರ. ಆದ್ದರಿಂದ ಚುಕ್ಕೆ ಮಾಯವಾಯಿತೆಂದು ಔಷಧಿ ನಿಲ್ಲಿಸಬೇಡಿ. ತಾಮ್ರವಿರುವ ಔಷಧಿಯಾದರೆ ಸಿಗಡಿ, ಬಸವನಹುಳುಗಳನ್ನು ಮೊದಲೇ ಬೇರೆಡೆ ಇಡಿ. ಹೊಸ ಮೀನನ್ನು ಎರಡು-ಮೂರು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಿದರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ. ಇನ್ನೊಂದು ಎಚ್ಚರಿಕೆ: ಕರೆಂಟ್ ಹೋಗಿ ಐದಾರು ಗಂಟೆ ನಿಂತ ಮುಚ್ಚಿದ ಫಿಲ್ಟರನ್ನು ಹಾಗೆಯೇ ಆನ್ ಮಾಡಬೇಡಿ. ಒಳಗೆ ಕೊಳೆತ ನೀರನ್ನು ಚೆಲ್ಲಿ, ಆಮೇಲೆ ಓಡಿಸಿ.

ಗಪ್ಪಿ ಮರಿ ಹೆಚ್ಚಾಯಿತೆಂದು, ಸಕರ್ ಮೀನು ದೊಡ್ಡದಾಯಿತೆಂದು ಹೊಳೆಗೋ ಕುಂದವಾಡ ಕೆರೆಗೋ ಬಿಟ್ಟು ಬರುವವರಿದ್ದಾರೆ. ಪಾಪ-ಪುಣ್ಯದ ಲೆಕ್ಕದಲ್ಲಿ ಮಾಡಿದರೂ ಬೇಡ. ಸಕರ್ ಈಗಾಗಲೇ ದೇಶದ ಎಷ್ಟೋ ನದಿಗಳಲ್ಲಿ ಬೀಡುಬಿಟ್ಟು ಅಲ್ಲಿನ ಮೀನುಗಳಿಗೆ ಕಂಟಕವಾಗಿದೆ. ಹೆಚ್ಚಾದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಸಾಕುವವರಿಗೆ ಹಂಚಿ. ಕತ್ತರಿಸಿದ ಗಿಡವನ್ನು ತಾರಸಿಯ ಬಿಸಿಲಲ್ಲಿ ಗರಿಗರಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.